ಒಂದೊಂದೇ ಪ್ಲೇಟು

ಆ ಮನೆಯಲ್ಲಿ ವಾರದ ಆರು ದಿನ ನಾಲ್ಕು ಜನ ನಾಲ್ಕು ಹೊತ್ತಿಗೆ ಉಣ್ಣುತ್ತಿದ್ದರು. ಮನೆಯ ಯಜಮಾನ ಸಿಟಿ ಬಸ್ಸಿನ ಡ್ರೈವರು. ಅವನ ಪಾಳಿ ವಾರಕ್ಕೊಮ್ಮೆ ತಿರುಗುತ್ತಿತ್ತು, ಹೊಟ್ಟೆಯೂ ಅದರ ಹಿಂದೆಯೇ ತಿರುಗುತ್ತಿತ್ತು. ಅವನ ಅಪ್ಪ ನಲವತ್ತು ವರ್ಷ ವಾಚು ರಿಪೇರಿ ಮಾಡಿ ಅಂಗಡಿ ಮುಚ್ಚಿದವರು. ಗೋಡೆ ಗಡಿಯಾರ ಏಳು ಹೊಡೆದಾಗ ತಟ್ಟೆ ಎದುರಿಗಿರಬೇಕು, ಏಳೂ ಐದಾದರೆ ಮುಖ ಗಂಟಿಕ್ಕುತ್ತಿತ್ತು. ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಎರಡು ವರ್ಷದವಳಿದ್ದಾಗ ಅಮ್ಮನ ಡಬ್ಬಿಯಿಂದ ಅಂಗಿಯ ಗುಂಡಿ ನುಂಗಿ ಎಲ್ಲರ ಜೀವ ಬಾಯಿಗೆ ತಂದಿದ್ದಳು. ಅಂದಿನಿಂದ ಅವಳಿಗೆ ಗುಂಡಿ ಎಂಬ ಹೆಸರೇ ನಿಂತುಬಿಟ್ಟಿತು. ಇಪ್ಪತ್ನಾಲ್ಕು ತುಂಬಿದರೂ ಅದು ಅವಳನ್ನು ಬಿಟ್ಟಿರಲಿಲ್ಲ.

ಕೊನೆಯವಳು ಯಜಮಾನನ ಹೆಂಡತಿ, ಹೊಲಿಗೆಯಕ್ಕ. ದೊಡ್ಡಾಸ್ಪತ್ರೆಯ ನೆಲಮಾಳಿಗೆಯ ಬಟ್ಟೆ ಕೋಣೆಯಲ್ಲಿ ಹರಿದ ಹೊದಿಕೆ, ರೋಗಿಗಳ ನಿಲುವಂಗಿ, ದಿಂಬಿನ ಚೀಲ ಹೊಲಿಯುವುದು ಅವಳ ಕೆಲಸ. ಅಲ್ಲಿ ಎಲ್ಲರೂ ಅವಳನ್ನು ಹಾಗೆ ಕರೆಯುತ್ತಿದ್ದರು, ಕರೆಯಲು ಬರುವವರೇ ಕಡಿಮೆ ಎನ್ನುವುದು ಬೇರೆ ಮಾತು. ಬೆಳಿಗ್ಗೆ ಗಾಡಿಯಲ್ಲಿ ಗಂಟುಗಳು ಬರುತ್ತಿದ್ದವು, ಸಂಜೆ ಗಾಡಿಯಲ್ಲಿ ಗಂಟುಗಳು ಹೋಗುತ್ತಿದ್ದವು. ನಡುವೆ ಮಿಷಿನ್ನಿನ ಸದ್ದು ಬಿಟ್ಟರೆ ಮಾತಿಗೆ ಯಾರೂ ಇರಲಿಲ್ಲ.

ಹಾಗಾಗಿ ಅವಳು ಇಡೀ ವಾರ ಶನಿವಾರಕ್ಕೆ ಕಾಯುತ್ತಿದ್ದಳು. ಶನಿವಾರ ಸಂಜೆ ಪಾಳಿ ಬೀಳದಂತೆ ಗಂಡ ಡಿಪೋದಲ್ಲಿ ಯಾರ ಕೈಕಾಲಾದರೂ ಹಿಡಿದು ಹೊಂದಿಸಿಕೊಳ್ಳುತ್ತಿದ್ದ. ಏಳಕ್ಕೆ ಗುಂಡಿ ಬೀದಿಯ ತುದಿಯ ಚೈನೀಸ್ ಅಂಗಡಿಗೆ ಫೋನು ಮಾಡುತ್ತಿದ್ದಳು. ಬೆಳ್ಳುಳ್ಳಿ ಚಿಕನ್ ನಾಲ್ಕು ಪ್ಲೇಟು, ಅನ್ನ ಎರಡು ಡಬ್ಬ. ಪಾರ್ಸೆಲ್ ಬರಲು ನಲವತ್ತು ನಿಮಿಷ. ಅಷ್ಟು ಹೊತ್ತೂ ನಾಲ್ವರು ಖಾಲಿ ತಟ್ಟೆ ಮುಂದಿಟ್ಟುಕೊಂಡು ಮೇಜಿನ ಸುತ್ತ ಕೂತಿರುತ್ತಿದ್ದರು. ಡಬ್ಬ ಬಿಚ್ಚುವಾಗ ಎದುರಿಗೆ ಇಲ್ಲದವರಿಗೆ ಬರೀ ಕೋಸು ಉಳಿಯುತ್ತಿತ್ತು, ಅದಕ್ಕೇ ಯಾರೂ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ವಾಚಿನ ಮಾವ ಪಾರ್ಸೆಲ್ ಎಷ್ಟು ನಿಮಿಷಕ್ಕೆ ಬರುತ್ತದೆಂದು ಪಂದ್ಯ ಕಟ್ಟಿ ಪ್ರತಿ ವಾರ ಗೆಲ್ಲುತ್ತಿದ್ದರು. ಆ ಮನೆಯಲ್ಲಿ ಆಡಬೇಕಾದ ಮಾತೆಲ್ಲ ಆ ನಲವತ್ತು ನಿಮಿಷದಲ್ಲೇ ಆಗಿಹೋಗುತ್ತಿತ್ತು. ಅಂಗಡಿ ಮುಚ್ಚುತ್ತೇನೆಂದು ಮಾವ ಹೇಳಿದ್ದು ಅಲ್ಲೇ. ಕೆಲಸ ಸಿಕ್ಕಿತೆಂದು ಗುಂಡಿ ಹೇಳಿದ್ದೂ ಅಲ್ಲೇ.

ಈ ಶನಿವಾರಕ್ಕೆ ಕುತ್ತು ಬಂದದ್ದು ಡ್ರೈವರುಗಳ ವಾರ್ಷಿಕ ತಪಾಸಣೆಯಿಂದ. ತೋಳಿಗೆ ಪಟ್ಟಿ ಸುತ್ತಿದ ಡಾಕ್ಟರು ಒಂದು ಸಲ ನೋಡಿ, ಪಟ್ಟಿ ಬಿಚ್ಚಿ, ಮತ್ತೆ ಸುತ್ತಿ ನೋಡಿದರಂತೆ.

“ನೂರ ಎಪ್ಪತ್ತು,” ಎಂದ ಗಂಡ, ಮನೆಗೆ ಬಂದು ಶೂ ಬಿಚ್ಚುತ್ತ. “ಆರು ವಾರ ಟೈಮು ಕೊಟ್ಟಿದಾರೆ. ಇಳೀದಿದ್ರೆ ಸ್ಟೇರಿಂಗ್ ಇಲ್ಲ. ಡಿಪೋ ಗೇಟಲ್ಲಿ ಕೂತು ಬರೋ ಬಸ್ಸಿನ ನಂಬರು ಬರ್ಕೋಬೇಕು.”

“ಏನು ತಿನ್ನಬಾರದಂತೆ?” ಎಂದಳು ಹೊಲಿಗೆಯಕ್ಕ.

“ಉಪ್ಪು, ಎಣ್ಣೆ. ಹೊರಗಿನ ತಿಂಡಿ ಕೇಳಿದ್ರು. ಶನಿವಾರದ ವಿಷಯ ಬಾಯಿ ತಪ್ಪಿ ಹೇಳ್ಬಿಟ್ಟೆ. ಮೊದಲು ಅದನ್ನ ಬಿಡಿ ಅಂದ್ರು.”

“ಬಾಯಿ ತಪ್ಪಿದ್ದು ಒಳ್ಳೇದೇ ಆಯ್ತು,” ಎಂದರು ಮಾವ. “ನಿನ್ನ ಬಾಯಿ ತಪ್ಪದೇ ಹೋಗಿದ್ರೆ ಬಸ್ಸು ತಪ್ತಿತ್ತು.”

“ಹಾಗಾದ್ರೆ ಶನಿವಾರ ಕ್ಯಾನ್ಸಲ್ಲಾ?” ಎಂದಳು ಗುಂಡಿ.

ಗಂಡನ ಸ್ಟೇರಿಂಗಿನ ಚಿಂತೆ ಹೊಲಿಗೆಯಕ್ಕನಿಗೂ ಇತ್ತು, ಇಲ್ಲವೆಂದಲ್ಲ. ಆದರೆ ಗುಳಿಗೆ ಇದೆ, ಡಾಕ್ಟರಿದ್ದಾರೆ, ರಕ್ತದೊತ್ತಡ ಇಳಿದೀತು. ಶನಿವಾರ ಹೋದರೆ ಅದನ್ನು ಬರೆದುಕೊಡುವ ಡಾಕ್ಟರಿಲ್ಲ.

“ಕ್ಯಾನ್ಸಲ್ ಯಾಕೆ? ಮನೇಲೇ ಮಾಡ್ತೀನಿ,” ಎಂದಳು. “ಎಣ್ಣೆ ಕಮ್ಮಿ, ಉಪ್ಪು ಕಮ್ಮಿ. ಅಂಗಡೀದಕ್ಕಿಂತ ಬೇಗ ಮಾಡ್ತೀನಿ.”

ಬೇಗ ಎಂಬ ಮಾತು ಅವಳ ಬಾಯಿಗೆ ಯಾಕೆ ಬಂತೋ. ಆಮೇಲೆ ಎಷ್ಟೋ ಸಲ ಅವಳು ಅದನ್ನು ನೆನೆದು ಹಲುಬಿದಳು.

ಮೊದಲ ಶನಿವಾರ ಅವಳು ಒಂದು ಕಿಲೋ ಕೋಳಿ, ಅರ್ಧ ಕೋಸು, ನಾಲ್ಕು ದಪ್ಪ ಮೆಣಸಿನಕಾಯಿ, ಒಂದು ಇಡೀ ಗಡ್ಡೆ ಬೆಳ್ಳುಳ್ಳಿ ಹೆಚ್ಚಿಕೊಂಡು, ಎಲ್ಲವನ್ನೂ ದೊಡ್ಡ ಬಾಣಲೆಗೆ ಸುರಿದು ಮಗುಚಿದಳು. ಕೋಳಿ ಹುರಿಯಲಿಲ್ಲ. ನೀರು ಬಿಟ್ಟಿತು, ಕೋಸು ಇನ್ನಷ್ಟು ನೀರು ಬಿಟ್ಟಿತು, ಸೋಯಾ ಸಾಸಿನ ಬಣ್ಣ ಆ ನೀರಿನಲ್ಲಿ ಮಳೆಗಾಲದ ರಸ್ತೆ ಗುಂಡಿಯಂತೆ ಕಂಡಿತು. ಅದನ್ನು ಪಾತ್ರೆ ಸಮೇತ ತಂದು ಮೇಜಿನ ಮೇಲಿಟ್ಟಳು. ಮೂವರೂ ಬಗ್ಗಿ ನೋಡಿದರು.

“ಇದು ಚಿಕನ್ನಾ, ಚಿಕನ್ ಸ್ನಾನ ಮಾಡಿದ ನೀರಾ?” ಎಂದ ಗಂಡ.

“ಸೋಪು ಹಾಕಿಲ್ಲ ತಾನೇ, ಅಮ್ಮ?” ಎಂದಳು ಗುಂಡಿ.

“ಮಕ್ಕಳಾ, ಸುಮ್ನೆ ತಿನ್ನಿ,” ಎಂದರು ಮಾವ. “ಹಲ್ಲಿಲ್ಲದೋರಿಗೆ ಇದು ಚೆನ್ನಾಗೇ ಇದೆ.” ಆಮೇಲೆ ಒಂದು ಚಮಚ ಬಾಯಿಗಿಟ್ಟು, “ಹಲ್ಲಿಲ್ಲದೋರು ಅಂದ್ರೆ ನಾನಲ್ಲ,” ಎಂದು ಸೇರಿಸಿದರು.

ನಕ್ಕೂ ನಕ್ಕೂ ಗುಂಡಿಗೆ ಬಿಕ್ಕಳಿಕೆ ಬಂತು. ಗಂಡ ಅವಳ ಬೆನ್ನಿಗೆ ಗುದ್ದಿದ. ಅನ್ನಕ್ಕೆ ಆ ನೀರನ್ನೇ ಕಲಸಿಕೊಂಡು, ಬೈದುಕೊಂಡು, ಮೂವರೂ ಪಾತ್ರೆಯ ತಳ ಕಾಣಿಸಿದರು. ಎಂಟೂವರೆಯಾದರೂ ಯಾರೂ ಎದ್ದಿರಲಿಲ್ಲ. ಹೊಲಿಗೆಯಕ್ಕನ ಕಿವಿಗೆ ಮಾತ್ರ ಸ್ನಾನದ ನೀರು ಎಂಬ ಮಾತೊಂದೇ ಬಿತ್ತು. ಆ ರಾತ್ರಿ ಪಾತ್ರೆ ತಿಕ್ಕುವಾಗ, ಹೀಗಾದರೆ ಮುಂದಿನ ವಾರ ಇವರು ಮೇಜಿಗೇ ಬರುವುದಿಲ್ಲ ಎಂದುಕೊಂಡಳು.

ಸೋಮವಾರ ಕೆಲಸ ಮುಗಿಸಿ ಬರುವಾಗ ಅವಳು ನೇರ ಬೀದಿ ತುದಿಯ ಅಂಗಡಿಗೆ ಹೋದಳು. ಅದರ ಅಡುಗೆಯವನು ಪ್ರತಿ ಪ್ಲೇಟು ಮುಗಿದಾಗ ಸಟ್ಟುಗದಿಂದ ಬಾಣಲೆಯ ಅಂಚಿಗೆ ಎರಡು ಸಲ ಬಾರಿಸುತ್ತಿದ್ದ. ಅದಕ್ಕೇ ಬೀದಿಗೆಲ್ಲ ಅವನು ಟಣ್‌ಟಣ್. ಐದು ಗಂಟೆಗೆ ಗಿರಾಕಿಗಳಿರಲಿಲ್ಲ. ಅವನು ಮೋರಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ.

“ಈ ಶನಿವಾರ ಫೋನೇ ಬರ್ಲಿಲ್ಲ, ಅಕ್ಕ. ನಮ್ಮಿಂದ ಏನಾದ್ರೂ ತಪ್ಪಾಯ್ತಾ?”

ಅವಳು ಗಂಡನ ವಿಷಯ ಹೇಳಿದಳು. “ಒಂದು ಪ್ಲೇಟಿಗೆ ಎಷ್ಟು ಸಾಸ್ ಹಾಕ್ತೀರಣ್ಣ?”

“ನಿಜ ಹೇಳ್ಲಾ, ವ್ಯಾಪಾರದ ಮಾತು ಹೇಳ್ಲಾ?”

“ನಿಜಾನೇ ಹೇಳಿ.”

ಅವನು ಸಟ್ಟುಗ ಎತ್ತಿ ಅರ್ಧಕ್ಕೆ ಬೆರಳಿಟ್ಟು ತೋರಿಸಿದ. “ಇಷ್ಟು. ಅದರ ಮೇಲೆ ಉಪ್ಪು ಬೇರೆ, ಸಕ್ಕರೆ ಬೇರೆ, ರುಚಿಗೆ ಹಾಕೋ ಆ ಬಿಳಿ ಪುಡಿ ಬೇರೆ. ಕೋಳೀನ ಹಿಟ್ಟಲ್ಲಿ ಅದ್ದಿ ಎಣ್ಣೇಲಿ ಮುಳುಗಿಸಿ ತೆಗಿಯೋದು. ನನ್ನ ಹೆಂಡತಿ ಇದನ್ನ ಮೂಸೂ ನೋಡಲ್ಲ.”

ತನ್ನ ಅಂಗಡಿಗೆ ತಾನೇ ಕಲ್ಲು ಹಾಕಿಕೊಳ್ಳುವುದರಲ್ಲಿ ಅವನಿಗೆ ಯಾವ ಸಂಕೋಚವೂ ಇದ್ದಂತಿರಲಿಲ್ಲ. ಒಂದು ಎದೆಯ ತುಂಡು ತೆಗೆದುಕೊಂಡು, ಎಳೆಗೆ ಅಡ್ಡಲಾಗಿ ಕಾಗದದಷ್ಟು ತೆಳ್ಳಗೆ ಕೊಯ್ದು ತೋರಿಸಿದ. ಒಂದು ಚಮಚ ಕಾರ್ನ್ ಫ್ಲೋರ್, ಕಾಳುಮೆಣಸಿನ ಪುಡಿ, ನಾಲ್ಕು ಹನಿ ವಿನೆಗರ್ ಸವರಿ ಹತ್ತು ನಿಮಿಷ ಬಿಡಬೇಕು. ಬಾಣಲೆ ಹೊಗೆಯಾಡಬೇಕು. ಎಣ್ಣೆ ಒಂದೇ ಚಮಚ. ತುಂಡುಗಳನ್ನು ಹರಡಿ, ಮೂವತ್ತು ಎಣಿಸುವ ತನಕ ಮುಟ್ಟಬಾರದು. ತಿರುವಿ ಹಾಕಿ ತೆಗೆದಿಟ್ಟು, ಬೆಳ್ಳುಳ್ಳಿ, ಶುಂಠಿ, ತರಕಾರಿ; ಮತ್ತೆ ಕೋಳಿ; ಒಂದು ಚಮಚ ಸೋಯಾ ಸಾಸಿಗೆ ಮೂರು ಚಮಚ ನೀರು. ಉಪ್ಪು ಬೇಡವೇ ಬೇಡ.

“ನಾಲ್ಕು ನಿಮಿಷದ ಕೆಲಸ,” ಎಂದ. “ಆದ್ರೆ ಒಂದು ಮಾತು ನೆನಪಿಟ್ಕೊಳ್ಳಿ. ಒಂದೊಂದೇ ಪ್ಲೇಟು.”

“ನಾವು ನಾಲ್ಕು ಜನ ಇದೀವಿ.”

“ನಾಲ್ಕು ಸಲ ಮಾಡಿ. ಮನೆ ಒಲೆಗೆ ಬೆಂಕಿ ಕಮ್ಮಿ ಅಕ್ಕ. ಜಾಸ್ತಿ ಹಾಕಿದ್ರೆ ಬಾಣಲೆ ತಣ್ಣಗಾಗುತ್ತೆ, ಕೋಳಿ ನೀರು ಬಿಡುತ್ತೆ. ಒಂದು ಪ್ಲೇಟು ಹಾಕಿ, ಇಳಿಸಿ, ಕೊಡಿ. ಕೊಟ್ಟ ತಕ್ಷಣ ತಿನ್ನಬೇಕು. ಕಾದ್ರೆ ಕೆಟ್ಟಿತು.”

ಅವಳು ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿಕೊಂಡು ಮನೆಗೆ ಬಂದಳು.

ಎರಡನೆಯ ಶನಿವಾರ ಅವಳ ಅಡುಗೆಮನೆ ಆಸ್ಪತ್ರೆಯ ಬಟ್ಟೆ ಕೋಣೆಯಂತಿತ್ತು. ವಾರ್ಡಿಗೊಂದು ಗಂಟು ಕಟ್ಟುವ ಹಾಗೆ ನಾಲ್ಕು ಬಟ್ಟಲಲ್ಲಿ ಕೋಳಿ, ನಾಲ್ಕು ಬಟ್ಟಲಲ್ಲಿ ತರಕಾರಿ ಸಾಲಾಗಿ ಕೂತವು. ಹೊಗೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿದಳು. ಅದು ಹಳೆಯದು; ಶುರುವಾದರೆ ಲಾರಿ ಹತ್ತಿರ ನಿಂತಂತೆ. ಮೊದಲ ಪ್ಲೇಟು ಮಾವನಿಗೆ, ಏಳಕ್ಕೆ ಸರಿಯಾಗಿ.

“ಏಳು ಅಂದ್ರೆ ಏಳು,” ಎಂದರು ಅವರು. “ಪಾರ್ಸೆಲ್‌ನವನು ಒಂದು ದಿನ ಹೀಗೆ ತಂದಿದಾನಾ?”

ಎರಡನೆಯದು ಗಂಡನಿಗೆ. ಅವನು ಮೊದಲ ತುತ್ತಿಗೇ ತಲೆಯೆತ್ತಿದ. “ಇವಳೇ, ಆ ಟಣ್‌ಟಣ್ ಅಂಗಡಿ ಮುಚ್ಕೊಂಡು ಹೋಗಬೇಕು ನೋಡು.”

ಮೂರನೆಯದು ಗುಂಡಿಗೆ. ಕೊನೆಗೆ ತನ್ನ ಪ್ಲೇಟು ಹಿಡಿದು ಹೊಲಿಗೆಯಕ್ಕ ಹೊರಗೆ ಬಂದಾಗ ಮೇಜಿನ ಮೇಲೆ ಮೂರು ಖಾಲಿ ಪ್ಲೇಟುಗಳಿದ್ದವು. ಗುಂಡಿ ಫೋನು ನೋಡುತ್ತ ಕೂತಿದ್ದಳು, ಅಮ್ಮ ಬಂದಳೆಂದು ಇನ್ನೆರಡು ನಿಮಿಷ ಕೂತು ಎದ್ದಳು. ಹೊಗಳಿಕೆಯ ಖುಷಿಯಲ್ಲಿ ಹೊಲಿಗೆಯಕ್ಕ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಮೊದಲ ದಿನ, ಅಭ್ಯಾಸವಾದರೆ ಕೈ ಬೇಗ ಓಡುತ್ತದೆ ಎಂದುಕೊಂಡಳು.

ಕೈ ಬೇಗ ಓಡಿತು. ಅದಕ್ಕಿಂತ ಬೇಗ ಮನೆಯವರು ಓಡಿದರು. ಮೂರನೆಯ ಶನಿವಾರ ಮಾವ, “ನಾಲ್ಕು ನಿಮಿಷಕ್ಕೆ ಮೇಜಿಗೆ ಯಾಕಮ್ಮ ಬರೋದು, ಇಲ್ಲೇ ಕೊಟ್ಬಿಡು,” ಎಂದು ತಮ್ಮ ಕೋಣೆಯ ರಿಪೇರಿ ಮೇಜಿನ ಮೇಲೆ ಸ್ಪ್ರಿಂಗು, ಚಕ್ರ ಸರಿಸಿ ಜಾಗ ಮಾಡಿಕೊಂಡರು. ಗಂಡನಿಗೆ ಡಾಕ್ಟರು ಊಟವಾದ ಮೇಲೆ ಅರ್ಧ ಗಂಟೆ ನಡಿಗೆ ಹೇಳಿದ್ದರು. ಅವನು ಶೂ ಹಾಕಿಕೊಂಡೇ ಉಂಡು, ಪ್ಲೇಟು ಸಿಂಕಿಗೆ ಹಾಕಿ ಹೊರಟ. ಗುಂಡಿ ಏಳಕ್ಕೇ ಬರಬೇಕೆಂಬುದಿರಲಿಲ್ಲ ಈಗ. ಎಂಟಕ್ಕೆ ಬಂದರೆ ಎಂಟಕ್ಕೆ ಬಿಸಿ ಪ್ಲೇಟು. ಅದನ್ನು ಹಿಡಿದುಕೊಂಡು ಅವಳು ತನ್ನ ಕೋಣೆ ಸೇರಿದಳು.

ಹೊಲಿಗೆಯಕ್ಕ ತನ್ನ ಪ್ಲೇಟು ತಂದು ಕೂತಳು. ಮೇಜಿಗೆ ನಾಲ್ಕು ಕುರ್ಚಿ. ಎದುರಿನ ಕಿಟಕಿಯಲ್ಲಿ ಆಚೆ ಕಟ್ಟಡದ ದೀಪಗಳು ಕಾಣುತ್ತಿದ್ದವು. ಒಂದು ಮನೆಯಲ್ಲಿ ಯಾರೋ ಬಟ್ಟೆ ಮಡಚುತ್ತಿದ್ದರು. ಕೋಳಿ ಮೆತ್ತಗೆ, ಅಂಚು ಮಾತ್ರ ಕರುಕು, ಬೆಳ್ಳುಳ್ಳಿಯ ಘಮ. ಅಷ್ಟು ಚೆನ್ನಾಗಿ ಅವಳು ಜನ್ಮದಲ್ಲಿ ಏನನ್ನೂ ಮಾಡಿರಲಿಲ್ಲ. ಹಾಗೆಂದು ಹೇಳೋಣವೆಂದರೆ ಪಕ್ಕದಲ್ಲಿ ಉಪ್ಪಿನ ಡಬ್ಬಿ ಕೂಡ ಇರಲಿಲ್ಲ. ಗಂಡನ ಕೈಗೆ ಸಿಗಬಾರದೆಂದು ಅವಳೇ ಎತ್ತಿಟ್ಟಿದ್ದಳು.

ಮರುದಿನ ಅವಳು ಗಂಡನಿಗೆ ಹೇಳಿದಳು. “ರೀ, ಶನಿವಾರ ಎಲ್ಲರೂ ಒಟ್ಟಿಗೆ ಕೂತು ಉಣ್ಣೋಣ.”

“ಕೂತ್ಕೊಳ್ಳೋಣ. ನೀನೇ ತಾನೆ ತಕ್ಷಣ ತಿನ್ನಿ, ತಣ್ಣಗಾಗುತ್ತೆ ಅಂತ ಬಡ್ಕೊಳ್ಳೋದು?”

“ನಾನು ಬರೋ ತನಕ ಕಾಯಬಹುದಲ್ಲ.”

“ಕಾದ್ರೆ ಕೆಟ್ಟಿತು ಅಂತಾನೂ ನೀನೇ ಹೇಳಿದ್ದು. ಒಂದು ಮಾತು ಹೇಳು, ಅದನ್ನ ಮಾಡ್ತೀವಿ.”

ಬೇಗ ಎಂದವಳೂ ಅವಳೇ, ಬಿಸಿ ಎಂದವಳೂ ಅವಳೇ. ಗಂಡ ಜಗಳಕ್ಕೆ ಆಡಿದ ಮಾತಲ್ಲ ಅದು, ಲೆಕ್ಕಕ್ಕೆ ಸರಿಯಾಗಿಯೇ ಇತ್ತು. ಅದೇ ಅವಳಿಗೆ ಇನ್ನಷ್ಟು ಸಂಕಟವಾಯಿತು.

ನಾಲ್ಕನೆಯ ಶನಿವಾರ ಗಂಡ ಸಂಜೆಯ ಪಾಳಿ ಬದಲಿಸಿಕೊಳ್ಳಲೂ ಹೋಗಲಿಲ್ಲ. ಎಂಟಕ್ಕೆ ಬಂದು ಹೊರಗೆ ಶೂ ಬಿಚ್ಚುತ್ತ, “ಪ್ಲೇಟು ಹಾಕು, ಹೊಟ್ಟೆ ತಾಳ ಹಾಕ್ತಿದೆ,” ಎಂದು ಕೂಗಿದ. ಒಳಗೆ ಗುಂಡಿಯ ಪ್ಲೇಟು ಬಾಣಲೆಯಲ್ಲಿತ್ತು. ಗುಂಡಿ ಕೆಲಸದ ಬಟ್ಟೆಯಲ್ಲೇ, ಹೆಗಲಿನ ಚೀಲವನ್ನೂ ಇಳಿಸದೆ, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಫ್ಯಾನು ಬೊಬ್ಬಿಡುತ್ತಿತ್ತು, ಕೋಸು ಬಿದ್ದ ಬಾಣಲೆ ಚೊರ್ರೆನ್ನುತ್ತಿತ್ತು. ಹೊಲಿಗೆಯಕ್ಕ ಕೋಸಿಗೂ ಮೂವತ್ತು ಎಣಿಸುತ್ತಿದ್ದಳು.

“ಅಮ್ಮ, ನಮ್ಮ ಅಂಗಡಿ ಮ್ಯಾನೇಜರು ಇವತ್ತು...”

ಹನ್ನೆರಡು, ಹದಿಮೂರು.

“...ಹೊಸ ಬ್ರಾಂಚು... ನನ್ನನ್ನ... ಒಂದನೇ ತಾರೀಖಿಂದ...”

“ಹೂಂ,” ಎಂದಳು ಹೊಲಿಗೆಯಕ್ಕ. ಇಪ್ಪತ್ತೊಂದು.

“...ಇನ್ನೂ ಹೇಳಿಲ್ಲ... ನಿನಗೇ... ಏನಂತೀಯ?”

“ಹೂಂ, ಹೂಂ. ಪ್ಲೇಟು ಹಿಡಿ, ಬಿಸಿ ಇದೆ.”

ಸಾಸು ಸುರಿದು, ಮಗುಚಿ, ಇಳಿಸಿ ಕೊಟ್ಟಳು. ಗುಂಡಿ ಪ್ಲೇಟು ಹಿಡಿದು ಅಲ್ಲೇ ನಿಂತಿದ್ದಳು. ಹೊಲಿಗೆಯಕ್ಕ ಬಾಣಲೆ ಒರೆಸಿ, ಗಂಡನ ಬಟ್ಟಲು ಎತ್ತಿಕೊಂಡು, “ಹೋಗು, ತಣ್ಣಗಾಗುತ್ತೆ,” ಎಂದಳು. ಅವಳು ಹೋದಳು. ಅಂಗಡಿಯ ಯಾವುದೋ ಸುದ್ದಿ, ಆಮೇಲೆ ಕೇಳಿದರಾಯಿತು ಎಂದುಕೊಂಡ ಹೊಲಿಗೆಯಕ್ಕ ತನ್ನ ಪ್ಲೇಟು ಹಿಡಿದು ಹೊರಗೆ ಬರುವಷ್ಟರಲ್ಲಿ ಗುಂಡಿಯ ಕೋಣೆಯ ಬಾಗಿಲು ಹಾಕಿತ್ತು. ಕೇಳಬೇಕೆಂದಿದ್ದದ್ದು ಮರೆತೇಹೋಯಿತು.

ಮುಂದಿನ ದಿನಗಳಲ್ಲಿ ಮನೆಯಲ್ಲಿ ಒಂದೆರಡು ಸಣ್ಣ ಸಂಗತಿಗಳು ಕಂಡವು. ಅಟ್ಟದ ಮೇಲಿದ್ದ ಸೂಟ್‌ಕೇಸು ಬಾಲ್ಕನಿಗೆ ಬಂದು ಬಿಸಿಲು ಕಾಯುತ್ತಿತ್ತು. ಮಾವ ಹಳೆಯದೊಂದು ಅಲಾರಂ ಗಡಿಯಾರ ಬಿಚ್ಚಿ ಕೂತಿದ್ದರು. “ಯಾರದು ಮಾವ?” ಎಂದರೆ, “ಗುಂಡೀಗೆ,” ಎಂದರು, ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆ. ಬೆಳಿಗ್ಗೆ ಏಳಲು ಅವಳಿಗೆ ಸೋಮಾರಿತನ, ಒಳ್ಳೆಯದಾಯಿತು ಎಂದು ಹೊಲಿಗೆಯಕ್ಕ ಬಟ್ಟೆ ಒಣಗಿಸಲು ಹೋದಳು.

ಆರು ವಾರ ಮುಗಿಯಿತು. ಶನಿವಾರ ಮಧ್ಯಾಹ್ನ ಗಂಡ ತಪಾಸಣೆ ಮುಗಿಸಿಕೊಂಡು ಬಂದ. ಬಾಗಿಲಲ್ಲೇ ನಿಂತು ಬೆರಳೆತ್ತಿ ತೋರಿಸಿದ. “ನೂರ ಮೂವತ್ತು. ಡಾಕ್ಟರು ನಿನ್ನನ್ನೇ ಕೇಳಿದ್ರು. ನಿಮ್ಮ ಹೆಂಡತಿಗೆ ನನ್ನ ಕುರ್ಚಿ ಕೊಡ್ತೀನಿ ಅಂದ್ರು.”

“ಸ್ಟೇರಿಂಗು?”

“ರಿಟೈರಾಗೋ ತನಕ ನಂದೇ. ಇವತ್ತು ನೀನು ಒಲೆ ಹಚ್ಚಬೇಡ. ಒಂದು ದಿನ ಅಂಗಡಿಯಿಂದ ತರಿಸೋಣ.”

ಒಂದು ದಿನಕ್ಕೆ ಏನೂ ಆಗದು ಎಂದು ಅವಳು ಒಪ್ಪಿದಳು. ಒಪ್ಪಿದ್ದು ಬೇರೆ ಆಸೆಗೆ. ಸಂಜೆ ಆರೂವರೆಗೇ ಮೇಜು ಒರೆಸಿ ನಾಲ್ಕು ಖಾಲಿ ತಟ್ಟೆ ಇಟ್ಟಳು. ಏಳಕ್ಕೆ ಫೋನು ಮಾಡಿದ್ದಾಯಿತು. ತಾನು ಕುರ್ಚಿ ಎಳೆದುಕೊಂಡು ಕೂತಳು. ಯಾರೂ ಬರಲಿಲ್ಲ. ಗಂಡ ಬಾಲ್ಕನಿಯಲ್ಲಿ ಫೋನಿನಲ್ಲಿ ಡಿಪೋದವರಿಗೆ ಸುದ್ದಿ ಹೇಳುತ್ತಿದ್ದ. ಮಾವನ ಕೋಣೆಯಿಂದ ರೇಡಿಯೋ ಕೇಳುತ್ತಿತ್ತು. ಪಾರ್ಸೆಲ್ ಬಂತು. “ಬನ್ನಿ,” ಎಂದು ಕೂಗಿದಳು. ಬಂದರು. ತಂತಮ್ಮ ಡಬ್ಬ ಎತ್ತಿಕೊಂಡರು. ಯಾವ ಡಬ್ಬದಲ್ಲಿ ತುಂಡು ಹೆಚ್ಚಿದೆ ಎಂದು ಯಾರೂ ಇಣುಕಲಿಲ್ಲ. ಮಾವ ಕೋಣೆಗೆ, ಗುಂಡಿ ಕೋಣೆಗೆ. ಗಂಡ ನಿಂತೇ ನಾಲ್ಕು ತುತ್ತು ತಿಂದು, “ಅಬ್ಬ, ಏನು ಉಪ್ಪು. ನಿಂದೇ ವಾಸಿ,” ಎಂದು ಡಬ್ಬ ಮುಚ್ಚಿ ನಡಿಗೆಗೆ ಹೊರಟ. ಮೇಜಿನ ಮೇಲೆ ನಾಲ್ಕು ತಟ್ಟೆಗಳು ತೊಳೆದಿಟ್ಟಂತೆಯೇ ಇದ್ದವು. ಪಾರ್ಸೆಲ್ ಮನೆಯವರನ್ನು ಕೂಡಿಸುತ್ತದೆಂದು ನಂಬಿದ್ದ ಅವಳಿಗೆ ಆ ತಟ್ಟೆಗಳನ್ನು ಎತ್ತಿಡಲೂ ಕೈ ಬರಲಿಲ್ಲ.

ಸೋಮವಾರ ಮತ್ತೆ ಟಣ್‌ಟಣ್‌ನ ಅಂಗಡಿಗೆ ಹೋದಳು. ಅವನು ಬಾಣಲೆ ಉಜ್ಜುತ್ತಿದ್ದ.

“ಸರಿ ಬರ್ತಿದೆಯಾ ಅಕ್ಕ?”

“ನಿಮ್ಮ ಅಂಗಡೀದಕ್ಕಿಂತ ಚೆನ್ನಾಗಿ ಬರ್ತಿದೆ.”

“ಮತ್ತೆ ಮುಖ ಯಾಕೆ ಹಾಗಿದೆ?”

ಅವಳಿಗೆ ಎಲ್ಲವನ್ನೂ ಹೇಳಲು ನಾಚಿಕೆ. “ನಿಮ್ಮ ಮನೇಲಿ ಇದನ್ನ ಮಾಡಿದಾಗ ನೀವು ಹೇಗೆ ಊಟ ಮಾಡ್ತೀರಿ?” ಎಂದಷ್ಟೇ ಕೇಳಿದಳು.

ಅವನು ನಕ್ಕ. “ಮನೇಲಿ ಇದನ್ನ ಯಾರು ಮಾಡ್ತಾರೆ? ಮನೇಲಿ ಒಂದು ದೊಡ್ಡ ಪಾತ್ರೆ, ಇರೋದೆಲ್ಲ ಒಟ್ಟಿಗೆ ಅದರೊಳಗೆ. ನೀರು ಬಿಡುತ್ತೆ, ಬಿಡ್ಲಿ. ಮಧ್ಯದಲ್ಲಿಟ್ಟು ಸುತ್ತ ಕೂರೋದು.” ಬಾಣಲೆ ಮಗುಚಿ ನೀರು ಚೆಲ್ಲಿದ. “ಒಂದೊಂದೇ ಪ್ಲೇಟು ಅನ್ನೋದು ಅಂಗಡಿ ಲೆಕ್ಕ ಅಕ್ಕ. ಗುರುತಿಲ್ಲದೋರಿಗೆ ಮಾಡೋದು. ಅವನು ಬಂದ, ತಿಂದ, ಹೋದ. ಇನ್ನೊಬ್ಬ ಬಂದ.”

ಇಷ್ಟು ವಾರಗಳಿಂದ ತನ್ನ ಮನೆಯವರಿಗೆ ತಾನು ಗಿರಾಕಿಗಳ ಸತ್ಕಾರ ಮಾಡುತ್ತಿದ್ದೆ ಎಂದು ಹೊಲಿಗೆಯಕ್ಕನಿಗೆ ಹೊಳೆಯಿತು. ಅವರು ಗಿರಾಕಿಗಳಾದದ್ದರಲ್ಲಿ ಅವರ ತಪ್ಪೇನಿತ್ತು?

ಆ ಶನಿವಾರ ಅವಳು ಬಟ್ಟಲುಗಳನ್ನು ಕಪಾಟಿನಿಂದ ತೆಗೆಯಲೇ ಇಲ್ಲ. ಕೋಳಿಯಷ್ಟನ್ನೂ, ಕೋಸಷ್ಟನ್ನೂ ದೊಡ್ಡ ಬಾಣಲೆಗೆ ಒಟ್ಟಿಗೆ ಹಾಕಿದಳು. ಎಣ್ಣೆ ಅದೇ ಒಂದೆರಡು ಚಮಚ, ಸಾಸು ಅದೇ ಅಳತೆ. ನೀರು ಬಿಟ್ಟಿತು. ಬಿಡಲಿ ಎಂದು ಮುಚ್ಚಳ ಹಾಕಿ, ಒಲೆ ಆರಿಸಿ, ಫ್ಯಾನು ನಿಲ್ಲಿಸಿ, ಪಾತ್ರೆಯನ್ನು ಮೇಜಿನ ನಡುವೆ ಇಟ್ಟು ಕೂತಳು. ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ ಮಾವನ ಕೋಣೆಯ ಗಡಿಯಾರಗಳೆಲ್ಲ ಕೇಳಿಸಿದವು.

ಏಳು ಹೊಡೆಯಿತು. ಏಳೂ ಐದಕ್ಕೆ ಮಾವ ಬಾಗಿಲಿಗೆ ಬಂದರು. “ನನ್ನ ಪ್ಲೇಟು?”

“ಪ್ಲೇಟಿಲ್ಲ ಮಾವ. ಪಾತ್ರೆ ಇಲ್ಲಿದೆ. ಗುಂಡಿ ಬರ್ಲಿ.”

“ಅವಳು ಬರೋದು ಎಂಟಕ್ಕೆ.”

“ಎಂಟಕ್ಕೇ ಉಣ್ಣೋಣ.”

ಮಾವ ಸೊಸೆಯ ಮುಖ ನೋಡಿದರು, ಗಡಿಯಾರ ನೋಡಿದರು, ಆಮೇಲೆ ತಮ್ಮ ಹಳೆಯ ಕುರ್ಚಿ ಎಳೆದುಕೊಂಡರು. ಗಂಡ ಶೂ ಹಾಕಿಕೊಂಡೇ ಬಂದು ಮುಚ್ಚಳ ಎತ್ತಿ ನೋಡಿದ.

“ಮತ್ತೆ ಸ್ನಾನದ ನೀರಾ?”

“ಹೌದು. ಶೂ ಬಿಚ್ಚಿ ಕೂತ್ಕೊಳ್ಳಿ.”

ಅವನು ಕೂತ. ಹಳೆಯ ಗುರುತಿನವರು ಬಸ್ಸಿನಲ್ಲಿ ಎದುರಾದಂತೆ ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಮಾವ ಎದ್ದುಹೋಗಿ ಅಲಾರಂ ಗಡಿಯಾರ ತಂದು ಮೇಜಿನ ಮೇಲಿಟ್ಟರು. “ಇವತ್ತು ಮುಗೀತು. ದಿನಕ್ಕೆ ಅರ್ಧ ನಿಮಿಷಾನೂ ತಪ್ಪಲ್ಲ. ಅಲ್ಲಿ ಅವಳನ್ನ ಎಬ್ಬಿಸೋರು ಯಾರಿದಾರೆ, ಇದೇ ಎಬ್ಬಿಸಬೇಕು.”

“ಎಲ್ಲಿ?” ಎಂದಳು ಹೊಲಿಗೆಯಕ್ಕ.

ಮಾವ ಮಗನ ಮುಖ ನೋಡಿದರು. ಗಂಡ ಹೆಂಡತಿಯ ಮುಖ ನೋಡಿದ. “ಹೊಸ ಬ್ರಾಂಚಲ್ಲಿ,” ಎಂದ. “ಬೇರೆ ಊರಿಗೆ ಕಳಿಸ್ತಿದಾರಲ್ಲ ಅವಳನ್ನ. ಅಂಗಡಿ ಪೂರ್ತಿ ಅವಳ ಜವಾಬ್ದಾರಿ. ಒಂದನೇ ತಾರೀಖು ಸೇರಬೇಕು. ನಿನಗೆ ಗೊತ್ತಲ್ಲ?”

“ನನಗೆ ಯಾರು ಹೇಳಿದ್ರು?”

“ಅವಳೇ. ನಿನಗೇ ಮೊದಲು ಹೇಳಿದ್ದಂತೆ. ನೀನು ಹೂಂ ಅಂದೆಯಂತೆ. ಅಮ್ಮ ಒಪ್ಪಿದಳು ಅಂತ ಆಮೇಲೇ ನಮಗೆ ಹೇಳಿದ್ದು.”

ಫ್ಯಾನಿನ ಬೊಬ್ಬೆ, ಕೋಸಿನ ಚೊರ್ರು, ಇಪ್ಪತ್ತೊಂದು, ಇಪ್ಪತ್ತೆರಡು. ಹೊಲಿಗೆಯಕ್ಕನಿಗೆ ಒಂದೊಂದಾಗಿ ನೆನಪಾಯಿತು. ಒಂದನೇ ತಾರೀಖಿಗೆ ಇನ್ನು ಹನ್ನೊಂದು ದಿನ. ಅದರಲ್ಲಿ ಶನಿವಾರ ಒಂದೇ ಒಂದು. ಅವಳು ಅಲಾರಂ ಗಡಿಯಾರವನ್ನು ಎತ್ತಿ ಕಿವಿಗಿಟ್ಟುಕೊಂಡಳು, ಮತ್ತೆ ಮೇಜಿನ ಮೇಲೆ ಇಟ್ಟಳು. ನಡಿಗೆಯ ಹೊತ್ತು ಮೀರಿದರೂ ಗಂಡ ಏಳಲಿಲ್ಲ.

ಎಂಟಕ್ಕೆ ಗುಂಡಿ ಬಂದಳು. ಚೀಲ ಇಳಿಸದೆ ಅಡುಗೆಮನೆಗೆ ನಡೆದವಳು ಅಲ್ಲಿ ಕತ್ತಲೆ ಕಂಡು ತಿರುಗಿದಳು. ಮೂವರೂ ಖಾಲಿ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು.

“ಇನ್ನೂ ಯಾರೂ ಉಂಡಿಲ್ವಾ?”

“ನಿನಗೇ ಕಾಯ್ತಿದ್ವಿ,” ಎಂದರು ಮಾವ. “ಐವತ್ತೈದು ನಿಮಿಷ.”

ಗುಂಡಿ ಚೀಲ ಕುರ್ಚಿಗೆ ತೂಗುಹಾಕಿ ಕೂತಳು. ಮುಚ್ಚಳ ತೆಗೆದು ನೋಡಿ, “ಅಯ್ಯೋ, ಸ್ನಾನದ ನೀರು,” ಎಂದು ನಕ್ಕಳು. ಯಾರೂ ಜೊತೆಗೆ ನಗದಿದ್ದುದನ್ನು ಕಂಡು ನಿಲ್ಲಿಸಿದಳು. ಹೊಲಿಗೆಯಕ್ಕ ನಾಲ್ವರಿಗೂ ಅನ್ನ ಬಡಿಸಿ, ಮೇಲೆ ಸಾರಿನಂತಿದ್ದ ಚಿಕನ್ ಸುರಿದಳು. ದೊಡ್ಡ ತುಂಡು ಯಾವುದೆಂದು ಹುಡುಕಿ ಮಗಳ ತಟ್ಟೆಗೆ ಹಾಕಿದಳು.

“ಅವತ್ತು ಬಾಗಿಲಲ್ಲಿ ನಿಂತು ನೀನು ಏನೋ ಹೇಳಿದೆ,” ಎಂದಳು. “ನನಗೆ ಕೇಳಿಸಲಿಲ್ಲ ಗುಂಡಿ.”

ಗುಂಡಿಯ ಕೈ ತಟ್ಟೆಯಲ್ಲೇ ನಿಂತಿತು. “ನೀನು ಹೂಂ ಅಂದೆ.”

“ಅಂದೆ.”

“ಎರಡು ಸಲ ಅಂದೆ. ಏನಂತೀಯ ಅಂತ ಕೇಳಿದ್ದಕ್ಕೆ, ಪ್ಲೇಟು ಹಿಡಿ ಅಂದ್ಯಮ್ಮ.” ಅವಳ ದನಿ ಸಣ್ಣದಾಯಿತು. “ಬೇಡ ಅಂತೀಯೇನೋ ಅಂತ ನಾನು ಪ್ಲೇಟು ಹಿಡ್ಕೊಂಡು ಅಲ್ಲೇ ನಿಂತಿದ್ದೆ. ಇಷ್ಟು ದೂರ ಯಾಕೆ ಅಂತ ಒಂದ್ಸಲಾನಾದ್ರೂ ಕೇಳ್ತೀಯ ಅಂದ್ಕೊಂಡೆ. ನೀನು ಅಪ್ಪಂದು ಮಾಡೋಕೆ ಶುರು ಮಾಡಿದೆ. ಮಾರನೇ ದಿನ ಒಪ್ಪಿಗೆ ಬರೆದುಕೊಟ್ಟೆ.”

ಯಾರೂ ಉಣ್ಣಲಿಲ್ಲ. ಅನ್ನ ನೀರು ಕುಡಿದು ಮೆತ್ತಗಾಗುತ್ತಿತ್ತು. ಹೊಲಿಗೆಯಕ್ಕ ಮಗಳ ಕೈ ಮೇಲೆ ತನ್ನ ಕೈಯಿಟ್ಟಳು. ಸೂಜಿಗೆ ಒರಟಾದ ಬೆರಳು, ಬೆಳ್ಳುಳ್ಳಿಯ ವಾಸನೆ.

“ಈಗ ಒಲೆ ಆರಿಸಿದೀನಿ,” ಎಂದಳು. “ಇನ್ನೊಂದ್ಸಲ ಹೇಳು.”

ಗುಂಡಿ ಅಪ್ಪನನ್ನು ನೋಡಿದಳು, ತಾತನನ್ನು ನೋಡಿದಳು. ಆಮೇಲೆ ಚಿಕ್ಕ ಹುಡುಗಿಯಂತೆ ಮೂಗೊರೆಸಿಕೊಂಡು ಮೊದಲಿನಿಂದ ಶುರು ಮಾಡಿದಳು. “ಅಮ್ಮ, ನನ್ನನ್ನ ಬೇರೆ ಊರಿಗೆ ಕರೀತಿದಾರೆ. ದೊಡ್ಡ ಕೆಲಸ. ಹೋಗ್ಲಾ?”

ಈ ಸಲ ಹೂಂ ಎನ್ನುವುದಕ್ಕೆ ಹೊಲಿಗೆಯಕ್ಕನಿಗೆ ಬಹಳ ಹೊತ್ತು ಬೇಕಾಯಿತು.